ಕೊನೆಯ ಬೆಂಚಿನ ಮೌನ

ಕಳೆದ ವರ್ಷ ಬೋಧನಾಭ್ಯಾಸದ ವೀಕ್ಷಣೆಗೆಂದು ಒಂದು ಪ್ರೌಢಶಾಲೆಗೆ ಹೋಗಿದ್ದೆ. ಒಂಬತ್ತನೇ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಪಾಠ ಮಾಡುತ್ತಿದ್ದರು. ಪ್ರಶ್ನೆ ಕೇಳಿದಾಗ ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಳು, ಬಾಯಿ ತೆರೆಯಲಿಲ್ಲ. ಯಾರೋ ಮುಸಿಮುಸಿ ನಕ್ಕರು. ‘ಹಿಂದಿನ ಸಾಲಿನ ಮಕ್ಕಳನ್ನೂ ಪಾಠದಲ್ಲಿ ತೊಡಗಿಸಿ’ ಎಂದು ವೀಕ್ಷಣಾ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ.

ಎರಡು ದಿನದ ನಂತರ ವಿಷಯ ತಿಳಿಯಿತು. ಶಾಲಾ ವಾರ್ಷಿಕೋತ್ಸವದಲ್ಲಿ ತೆಗೆದ ಅವಳ ಫೋಟೊವನ್ನು ವಾಟ್ಸಾಪ್ ಸ್ಟಿಕ್ಕರ್ ಮಾಡಿ, ಅಡ್ಡಹೆಸರಿಟ್ಟು, ತರಗತಿಯ ಗುಂಪಿನಲ್ಲಿ ಹಂಚಿದ್ದರು. ‘ಮಿಸ್, ಯಾರಿಗೂ ಹೇಳಬೇಡಿ’ ಎಂದು ಅವಳು ಬೇಡಿಕೊಂಡಿದ್ದಳು, ಪ್ರಶಿಕ್ಷಣಾರ್ಥಿ ಮಾತು ಕೊಟ್ಟಿದ್ದರು. ನಾನೋ, ‘ಮುಖ್ಯೋಪಾಧ್ಯಾಯರಿಗೆ ತಿಳಿಸಿಬಿಡಿ, ನೀವು ಉಳಿದ ಪಾಠ ಮುಗಿಸಿ’ ಎಂದೆ. ಇಬ್ಬರು ಹುಡುಗರಿಂದ ತರಗತಿಯ ಎದುರೇ ಕ್ಷಮೆ ಕೇಳಿಸಲಾಯಿತು. ಮನೆಯಲ್ಲಿ ಅವಳ ಮೊಬೈಲ್ ಕಿತ್ತುಕೊಂಡರು. ಅಂದು ಸಂಜೆಯೇ ಆ ಸ್ಟಿಕ್ಕರ್ ಇನ್ನೆರಡು ಗುಂಪುಗಳಿಗೆ ಹೋಯಿತು. ಅವಳು ಎಂಟು ದಿನ ಶಾಲೆಗೆ ಬರಲಿಲ್ಲ.

ಪ್ರಶಿಕ್ಷಣಾರ್ಥಿಯನ್ನು ನಾನು ದೂರುವುದಿಲ್ಲ. ಎರಡು ವರ್ಷದ ಬಿ.ಎಡ್.ನಲ್ಲಿ ಕನಿಷ್ಠ 20 ವಾರ ಅವರನ್ನು ಶಾಲೆಗೆ ಕಳಿಸುತ್ತೇವೆ. ಪೀಠಿಕೆ ಹೇಗಿರಬೇಕು, ಕಪ್ಪುಹಲಗೆ ಹೇಗೆ ಬಳಸಬೇಕು ಎಂದು ತಿದ್ದುತ್ತೇವೆ. ಮಗುವೊಂದು ಮನಸ್ಸು ಬಿಚ್ಚಿದಾಗ ಏನು ಹೇಳಬೇಕೆಂದು ಮಾತ್ರ ಹೇಳಿಕೊಡುವುದಿಲ್ಲ. ಆದರೆ ಹದಿಹರೆಯದವರು ಮೊದಲು ಬಾಯಿಬಿಡುವುದು ಎಷ್ಟೋ ಸಲ ವಯಸ್ಸಿನಲ್ಲಿ ತಮಗೆ ಹತ್ತಿರವಿರುವ ಈ ‘ಹೊಸ ಮಿಸ್’ ಬಳಿಯೇ.

ಆಗ ಗುಟ್ಟಿನ ಭರವಸೆ ಕೊಡಬಾರದು. ‘ಅಗತ್ಯವಿರುವವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ’ ಎನ್ನಬೇಕು. ಮೊಬೈಲ್ ಕಿತ್ತುಕೊಂಡರೆ ಶಿಕ್ಷೆ ನೊಂದವಳಿಗೇ ಆಗುತ್ತದೆ, ಮುಂದೆ ಅವಳು ಯಾರಿಗೂ ಹೇಳುವುದಿಲ್ಲ. ಇದನ್ನು ಪೋಷಕರಿಗೂ ಮನಗಾಣಿಸಬೇಕು. ಸಂದೇಶ ಅಳಿಸುವ ಮುನ್ನ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಲು ಹೇಳಬೇಕು. ಆದರೆ ಚಿತ್ರ ಅಶ್ಲೀಲವಾಗಿದ್ದರೆ ಸಾಕ್ಷಿಗೆಂದೂ ಅದನ್ನು ನಮ್ಮ ಮೊಬೈಲ್‌ಗೆ ತರಿಸಿಕೊಳ್ಳಬಾರದು. ಮಗುವಿನ ಮೇಲಿನ ಲೈಂಗಿಕ ಅಪರಾಧವನ್ನು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯಂತೆ ಕಡ್ಡಾಯ. ಮಕ್ಕಳ ಸಹಾಯವಾಣಿ 1098, ಮಾನಸಿಕ ನೆರವಿನ ಟೆಲಿ ಮಾನಸ್ 14416 ಪ್ರತಿ ಪ್ರಶಿಕ್ಷಣಾರ್ಥಿಗೂ ಬಾಯಿಪಾಠವಾಗಿರಲಿ.

ತಪ್ಪು ಮಾಡಿದವರೊಂದಿಗೆ ಬೇರೆಯಾಗಿ ಕೂತು ಮಾತನಾಡಬೇಕು. ಸಾರ್ವಜನಿಕ ಕ್ಷಮೆ ನೊಂದ ಮಗುವನ್ನು ಮತ್ತೊಮ್ಮೆ ಎಲ್ಲರೆದುರು ನಿಲ್ಲಿಸುತ್ತದೆ. ಸ್ಟಿಕ್ಕರ್ ಮಾಡಿದವರು ಇಬ್ಬರು. ಹಂಚಿದವರು, ನಕ್ಕವರು, ಸುಮ್ಮನೆ ನೋಡಿದವರು ಇಡೀ ತರಗತಿ. ನಿಜವಾದ ಪಾಠ ನಡೆಯಬೇಕಾದದ್ದು ಅವರ ನಡುವೆ. ರಜೆ ಮುಗಿಸಿ ಬಂದ ಹುಡುಗಿಯ ಪಕ್ಕ ಒಬ್ಬ ಗೆಳತಿ ತಾನಾಗಿ ಹೋಗಿ ಕೂತಳು. ನಮ್ಮ ಯಾವ ಕ್ರಮಕ್ಕಿಂತಲೂ ಹೆಚ್ಚು ಕೆಲಸ ಮಾಡಿದ್ದು ಅದೇ.

ಶಾಲೆಗೆ ಕಳಿಸುವ ಮೊದಲು ಇಂಥ ಸಂಭಾಷಣೆಯ ಪಾತ್ರಾಭಿನಯಕ್ಕೆ ಪ್ರತಿ ಕಾಲೇಜೂ ಒಂದು ಅವಧಿಯನ್ನಾದರೂ ಮೀಸಲಿಡಬೇಕು. ನಾನಂತೂ ಪಾಠ ವೀಕ್ಷಿಸಿದ ಮೇಲೆ ಈಗ ಒಂದು ಪ್ರಶ್ನೆ ಕೇಳುತ್ತೇನೆ: ‘ಇತ್ತೀಚೆಗೆ ಮೌನವಾಗಿರುವ ಮಗು ನಿಮ್ಮ ತರಗತಿಯಲ್ಲಿ ಇದೆಯೇ?’