ಸ್ಟೇರಿಂಗ್ ಹಿಡಿಯುವ ಮುನ್ನ ಕೇಳಬೇಕಾದದ್ದು

ಹನುಮಸಾಗರದಲ್ಲಿ ಕಾರು ಕಲಿಯಲು ಹೊರಟವರು ಡ್ರೈವಿಂಗ್ ಸ್ಕೂಲಿನವರನ್ನು ಸಾಮಾನ್ಯವಾಗಿ ಎರಡು ಮಾತು ಕೇಳುತ್ತಾರೆ: ಒಟ್ಟು ಎಷ್ಟಾಗುತ್ತದೆ, ಕೊಪ್ಪಳದ ಆರ್‌ಟಿಒ ಕೆಲಸವನ್ನೂ ನೀವೇ ಮಾಡಿಸಿಕೊಡುತ್ತೀರಾ? ಕೇಳಬೇಕಾದದ್ದೇ. ಆದರೆ ಸ್ಟೇರಿಂಗ್ ನನ್ನ ಕೈಯಲ್ಲಿ ಎಷ್ಟು ತಾಸು ಇರುತ್ತದೆ ಎಂದು ಕೇಳುವವರು ಕಡಿಮೆ. ಒಳ್ಳೆಯ ಕಲಿಸುಗರು ಯಾರೆಂದು ಗೊತ್ತಾಗುವುದು ಇದಕ್ಕೆ ಸಿಗುವ ಉತ್ತರದಲ್ಲಿ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಸ್ವಂತ ಬಳಕೆಯ ಕಾರು ಓಡಿಸುವುದನ್ನು ಕಲಿಸುವ ಸ್ಕೂಲು ಕನಿಷ್ಠ 21 ದಿನ ತರಬೇತಿ ಕೊಡಬೇಕು. ಕಲಿಯುವವರು ತಾವೇ ಗಾಡಿ ಓಡಿಸುವ ಅವಧಿ 10 ತಾಸಿಗಿಂತ ಕಡಿಮೆ ಇರಕೂಡದು. ಈಗ ಲೆಕ್ಕ ಹಾಕಿ ನೋಡಿ. ಒಂದೇ ಕಾರಿನಲ್ಲಿ ನಾಲ್ವರನ್ನು ಕೂರಿಸಿಕೊಂಡು ದಿನಕ್ಕೊಂದು ತಾಸು ಸುತ್ತಾಡಿಸಿದರೆ ಒಬ್ಬೊಬ್ಬರ ಪಾಲಿಗೆ ಬರುವುದು 15 ನಿಮಿಷ. 21 ದಿನ ತಪ್ಪದೆ ಹೋದರೂ ಐದೂಕಾಲು ತಾಸು. ಹಿಂದಿನ ಸೀಟಿನಲ್ಲಿ ಕೂತು ನೋಡುವುದೂ ಪಾಠವೇ, ಆದರೆ ಕ್ಲಚ್ ಬಿಡುವ ಹದ ನೋಡಿ ಬರುವಂಥದ್ದಲ್ಲ.

ಈ ತಾಸುಗಳಿಗೆ ಒಂದು ರಿಜಿಸ್ಟರ್ ಇದೆ, ಫಾರ್ಮ್ 15. ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಓಡಿಸಿದಿರಿ ಎಂದು ಬರೆದು, ಕಲಿಸಿದವರೂ ಕಲಿತವರೂ ಸಹಿ ಹಾಕಬೇಕು. ಕೊನೆಯ ದಿನ ಎಲ್ಲಕ್ಕೂ ಒಮ್ಮೆಲೇ ಸಹಿ ಮಾಡಿ ಎಂದರೆ ಒಪ್ಪಬೇಡಿ.

ಕಾಕಾನ ಕಾರಿನಲ್ಲೇ ಬಯಲಿಗೆ ಹೋಗಿ ಕಲಿತರಾಗದೇ ಎಂದು ಕೇಳುವವರಿದ್ದಾರೆ. ಎಲ್‌ಎಲ್ ಇದ್ದು, ಪಕ್ಕದಲ್ಲಿ ಡಿಎಲ್ ಉಳ್ಳವರು ಕೂತು, ಮುಂದೆ ಹಿಂದೆ ಕೆಂಪು ಎಲ್ ಬೋರ್ಡು ಹಾಕಿದ್ದರೆ ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಸ್ಕೂಲಿನ ಕಾರಿನಲ್ಲಿ ಕಲಿಸುವವರಿಗೂ ಬ್ರೇಕ್ ಇರುವುದು ಕಡ್ಡಾಯ. ಕುರಿಹಿಂಡು ದಿಢೀರನೆ ಅಡ್ಡ ಬಂದಾಗ ಕಾಕಾನ ಕೈಗೆ ಸಿಗುವುದು ಹ್ಯಾಂಡ್‌ಬ್ರೇಕ್ ಮಾತ್ರ. ಮೊದಲು ಸ್ಕೂಲು, ಆಮೇಲೆ ಕಾಕಾ ಎಂಬುದು ನನ್ನ ಸಲಹೆ.

ಕಲಿಸುವವರು ಹತ್ತನೇ ತರಗತಿ ಪಾಸಾಗಿರಬೇಕು, ಐದು ವರ್ಷ ಗಾಡಿ ಓಡಿಸಿರಬೇಕು, ಮೋಟಾರ್ ಮೆಕ್ಯಾನಿಕ್ ಕೋರ್ಸಿನ ಪ್ರಮಾಣಪತ್ರ ಹೊಂದಿರಬೇಕು ಎನ್ನುತ್ತದೆ ನಿಯಮ. ಕಾಗದದಲ್ಲಿ ಸಿಗದ ಗುಣಗಳನ್ನು ನೀವೇ ನೋಡಿ ತಿಳಿಯಬೇಕು. ಆದ್ದರಿಂದ ಪೂರ್ತಿ ದುಡ್ಡು ಕಟ್ಟುವ ಮೊದಲು ಒಂದು ದಿನ ಹೋಗಿ ಬನ್ನಿ. ಸ್ಟೇರಿಂಗ್ ಮೇಲಿಂದ ಅವರು ಕೈ ತೆಗೆಯದೆ, ಕ್ಲಚ್ಚನ್ನೂ ತಾವೇ ಒತ್ತುತ್ತಿದ್ದರೆ ನೀವು ಏನನ್ನೂ ಕಲಿಯುತ್ತಿಲ್ಲ. ತಪ್ಪಿಗೆ ಗದರುವವರ ಪಕ್ಕದಲ್ಲಿ ಕಲಿಯುವವರ ಕೈಕಾಲು ಇನ್ನಷ್ಟು ತಡವರಿಸುತ್ತವೆ. ಒಳ್ಳೆಯವರು ಗಾಡಿಯನ್ನು ಬದಿಗೆ ನಿಲ್ಲಿಸಿ, ಬ್ರೇಕ್ ಯಾಕೆ ಹಾಕಬೇಕಾಯಿತು ಎಂದು ಹೇಳಿ, ಅದೇ ತಿರುವಿಗೆ ಮತ್ತೊಮ್ಮೆ ಕರೆದೊಯ್ಯುತ್ತಾರೆ.

ನಮ್ಮ ರಸ್ತೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಸಿಗುತ್ತವೆ, ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಹರಡಿದ ಸಜ್ಜೆ ರಾಶಿ ಸಿಗುತ್ತದೆ. ಕುಷ್ಟಗಿಯಲ್ಲಿ ರಾಷ್ಟ್ರೀಯ ಹೆದ್ದಾರಿ 50 ಸೇರುವಾಗ ಎದುರಾಗುವ ಲಾರಿಗಳ ವೇಗವೇ ಬೇರೆ. ಪರೀಕ್ಷೆಯ ಟ್ರ್ಯಾಕಿನಲ್ಲಿ ಇವ್ಯಾವೂ ಇಲ್ಲ. ಟ್ರ್ಯಾಕಿಗೆ ಬೇಕಾದಷ್ಟನ್ನೇ ಉರು ಹೊಡೆಸುವವರಿಂದ ಡಿಎಲ್ ಸಿಕ್ಕೀತು, ಆದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಊರಿಗೆ ಮರಳುವ ಧೈರ್ಯ ಬರಲಾರದು.

ಪರೀಕ್ಷೆಗೆ ಅವಸರವೂ ಬೇಡ. ಎಲ್‌ಎಲ್ ಸಿಕ್ಕು 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. ಅಷ್ಟರೊಳಗೆ ಒಂದೆರಡು ಸಂಜೆಯಾದರೂ ಕತ್ತಲಲ್ಲಿ, ಹೆದ್ದಾರಿಯಲ್ಲಿ ಓಡಿಸಲು ಕಲಿಸುತ್ತೀರಾ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಆಗುವುದಿಲ್ಲ ಎಂದರೆ ಕುಷ್ಟಗಿಯಲ್ಲೋ ಇಳಕಲ್ಲಿನಲ್ಲೋ ವಿಚಾರಿಸಿ.