ಹುಣಸೆಮರದಡಿ ಹಿಡಿದರು, ಜೇಬಿನೊಳಗೆ ಬಿಟ್ಟರು

ಊರಾಚೆಯ ಹುಣಸೆಮರದ ಕೆಳಗೆ ಟವಲು ಹಾಸಿ ಅಂದರ್ ಬಾಹರ್ ಆಡುತ್ತಿದ್ದವರ ಬಂಧನ. 52 ಇಸ್ಪೀಟ್ ಎಲೆ, ಪಣಕ್ಕಿಟ್ಟ ಪುಡಿಗಾಸು ವಶ. ಜಿಲ್ಲಾ ಪುಟದ ಮೂಲೆಯಲ್ಲಿ ಈ ಸುದ್ದಿಗೆ ಬರವಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಮಿನ ಕಣ್ಣು ಅಷ್ಟು ಚುರುಕು. ಟಿವಿ ತುಂಬ ರಮ್ಮಿ ಜಾಹೀರಾತು ಕುಣಿಯುವಾಗ ಮಾತ್ರ ಆ ಕಣ್ಣಿಗೆ ಪೊರೆ ಬಂದಿತ್ತು. 2025ರ ಆಗಸ್ಟ್‌ವರೆಗೂ ಭಾರತ ಕ್ರಿಕೆಟ್ ತಂಡದ ಎದೆಯ ಮೇಲೆ ಮೆರೆದದ್ದು ಹಣ ಕಟ್ಟಿ ಆಡಿಸುವ ಕಂಪನಿಯ ಹೆಸರೇ. ಟವಲು ಹಾಸಿದವನು ಜೂಜುಕೋರ, ಆ್ಯಪ್ ಬಿಟ್ಟವನು ಉದ್ಯಮಿ!

2021ರಲ್ಲಿ ರಾಜ್ಯ ಸರ್ಕಾರ ಅದೇ ಪೊಲೀಸ್ ಕಾಯ್ದೆ ತಿದ್ದಿ ಆ್ಯಪಿನಲ್ಲಿ ಹಣ ಕಟ್ಟಿ ಆಡುವುದನ್ನು ತಡೆಯಲು ಹೊರಟಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನೇ ಹೊಡೆದುಹಾಕಿತು. ಕೌಶಲದ ಆಟ ಜೂಜಲ್ಲ ಎಂಬ ವಾದ ಗೆದ್ದಿತು. ಕೌಶಲ ಇರಲಿ ಸ್ವಾಮಿ, ಯಾರದ್ದು?

ನಮ್ಮ ಬೀದಿಯ ಇಸ್ತ್ರಿ ಅಂಗಡಿಯ ಹುಡುಗನಿಗೆ ಮೊದಲು ಬಂದದ್ದು 50 ರೂಪಾಯಿ ಬೋನಸ್. ಎರಡು ದಿನ ಗೆದ್ದ, ಗೆಳೆಯರಿಗೆ ಬೋಂಡ ಕೊಡಿಸಿದ. ಮೂರನೇ ವಾರಕ್ಕೆ ಅಂಗಡಿ ಬಾಡಿಗೆ ಹೋಯಿತು. ಆಮೇಲೆ ಅವನ ಬಾಯಲ್ಲಿ ಒಂದೇ ಮಾತು: "ಹೋಗಿದ್ದನ್ನ ವಾಪಸ್ ತೆಗೀಬೇಕಣ್ಣ." ನಡುರಾತ್ರಿಯಲ್ಲೂ ಫೋನು ಅವನನ್ನು ಕರೆಯುತ್ತಿತ್ತು. ಆಟದ ಆ್ಯಪ್ ಖಾಲಿ ಮಾಡಿದ್ದನ್ನು ಸಾಲದ ಆ್ಯಪ್ ತುಂಬಿತು, ಸಾಲದ ಆ್ಯಪಿಗೆ ಕಟ್ಟಲು ಅವ್ವನ ಓಲೆ ಗಿರವಿ ಅಂಗಡಿಗೆ ಹೋಯಿತು. ಯಾವನು ಯಾವ ಹೊತ್ತಿಗೆ ಸೋತು ಕೂತಿದ್ದಾನೆ, ಎಷ್ಟು ಆಸೆ ತೋರಿಸಿದರೆ ಮತ್ತೆ ಬರುತ್ತಾನೆ ಎಂದು ಲೆಕ್ಕ ಹಾಕುವುದಿದೆಯಲ್ಲ, ಕೌಶಲ ಅದು. ಆಡುವವನದ್ದಲ್ಲ. ಇಷ್ಟೆಲ್ಲ ಮಾಡಿ, ಜಾಹೀರಾತಿನ ಕೊನೆಗೆ ಹರಾಜು ಕೂಗುವವನ ವೇಗದಲ್ಲಿ "ಚಟವಾಗಬಹುದು, ಜವಾಬ್ದಾರಿಯಿಂದ ಆಡಿ" ಎಂದು ಉಸುರಿ ಕೈತೊಳೆದುಕೊಂಡರು. ಶಕುನಿಯಾದರೂ ಧರ್ಮರಾಯನಿಗೆ ಜವಾಬ್ದಾರಿಯ ಪಾಠ ಹೇಳಲಿಲ್ಲ.

ಸರ್ಕಾರವಾದರೂ ದೂರ ನಿಂತಿತ್ತೇ? 2023ರ ಅಕ್ಟೋಬರ್‌ನಿಂದ, ಆಡಲು ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ. ಆ ಹುಡುಗ ನೂರು ಕಟ್ಟಿದಾಗಲೆಲ್ಲ ದೆಹಲಿಗೂ ಬೆಂಗಳೂರಿಗೂ ಪಾಲು ಹೋಗಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಎರಡೇ ದಿನದಲ್ಲಿ ಇಂಥ ಆಟಗಳ ನಿಷೇಧದ ಕಾಯ್ದೆ ಪಾಸು ಮಾಡಿತು: ಆಡಿಸಿದವನಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಸುಮಾರು 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂದು ಸರ್ಕಾರವೇ ಆಗ ಹೇಳಿತು. ಈ ಲೆಕ್ಕ ತೆರಿಗೆ ಎಣಿಸುವಾಗ ಯಾರ ಮೇಜಿನ ಕೆಳಗೆ ಬಿದ್ದಿತ್ತು? ತಮಾಷೆ ಕೇಳಿ: ನಿಷೇಧಿಸಿದ ಮರು ತಿಂಗಳೇ ಅದೇ ಆಟಕ್ಕೆ ಶೇ 40ರ ತೆರಿಗೆ ದರವನ್ನೂ ಗೊತ್ತುಮಾಡಿದರು.

ಈಗ ಹೊಸ ರಾಗ. ನಿಷೇಧಿಸಿದರೆ ಜನ ವಿದೇಶಿ ಆ್ಯಪುಗಳಿಗೆ, ಟೆಲಿಗ್ರಾಂ ಗುಂಪುಗಳಿಗೆ ಹೋಗುತ್ತಾರೆ, ಎರಡು ಲಕ್ಷ ಉದ್ಯೋಗ ಹೋಗುತ್ತದೆ, ಆದ್ದರಿಂದ ಲೈಸೆನ್ಸ್ ಕೊಟ್ಟು ನಿಯಂತ್ರಿಸಿ. ಕದ್ದು ಆಡುವವರು ಇದ್ದೇ ಇರುತ್ತಾರೆ, ಒಪ್ಪಿದೆ. ಲಾಟರಿ ಇದ್ದಾಗಲೂ ಇದೇ ಮಾತು ಕೇಳಿದ್ದೆವು. 2007ರಲ್ಲಿ ಕರ್ನಾಟಕ ಲಾಟರಿ ನಿಲ್ಲಿಸಿತು. ಓಸಿ ಬರೆಯುವವನು ಉಳಿದ, ನಿಜ. ಆದರೆ ಬಸ್‌ಸ್ಟ್ಯಾಂಡಿನ ಆ ಲಾಟರಿ ಸಾಲುಗಳು, ಕೂಲಿ ಬಟವಾಡೆಯ ದಿನ ಅಲ್ಲಿ ಮುತ್ತುತ್ತಿದ್ದ ಜನ, ಹರಿದು ಬಿಸಾಡಿದ ಚೀಟಿಗಳ ರಾಶಿ ಹೋದವು.

ಹಿಂದೆ ಇಸ್ಪೀಟು ಆಡಿಸುವವನ ಮನೆ ಯಾವುದೆಂದು ಊರಿಗೆ ಗೊತ್ತಿರುತ್ತಿತ್ತು. ತಾಳಿ ಕಳೆದುಕೊಂಡ ಹೆಂಗಸು ಆ ಬಾಗಿಲಲ್ಲಿ ನಿಂತು ಹಿಡಿಮಣ್ಣು ತೂರಿ, ಅವನ ಮನೆ ಹಾಳಾಗಲೆಂದು ಶಪಿಸಿ ಬರುತ್ತಿದ್ದಳು. ಮೊನ್ನೆ ಆ ಹುಡುಗನ ಅವ್ವ ಬರಿಗಿವಿಯಲ್ಲಿ ಬಂದು ನನ್ನ ಕೈಗೆ ಫೋನು ಕೊಟ್ಟರು.

"ಇದನ್ನ ಆಡ್ಸೋನ ಮನೆ ಎಲ್ಲೈತೆ ನೋಡಿ ಹೇಳಪ್ಪ. ಬಸ್ಸಿಗೆ ದುಡ್ಡು ಹೊಂದಿಸ್ಕೊಂಡೀನಿ."