ತಂತಿಗೆ ಪೋಣಿಸಿದ ಕಾಗದಗಳನ್ನು ಗುಜರಿಗೆ ಹಾಕಬೇಡಿ

ನಮ್ಮ ಸೊಕ್ಕೆ, ಜಗಳೂರು ಕಡೆಯ ಹಳೆಯ ಮನೆಗಳಲ್ಲಿ ಹುಡುಕಿದರೆ ರಾಣಿ ಛಾಪಿನ ಬೆಳ್ಳಿ ರೂಪಾಯಿ ಸಿಗುವುದುಂಟು. ಅಕ್ಕಸಾಲಿಗರ ಹತ್ತಿರ ಒಯ್ದರೆ ತೂಕ ಹಾಕುತ್ತಾರೆ. ಸವೆಯದ ರೂಪಾಯಿ 11.66 ಗ್ರಾಂ. ಆ ಮುಖ ಯಾರ ಕೈಕೆಲಸ ಎಂದು ಯಾರೂ ಕೇಳುವುದಿಲ್ಲ. 1840ರ ರೂಪಾಯಿಯಲ್ಲಿರುವ ವಿಕ್ಟೋರಿಯಾ ಮುಖ ಲಂಡನ್ನಿನ ಟಂಕಸಾಲೆಯ ವಿಲಿಯಂ ವಯನ್ ಅವರದು. ಕೆಲವು ನಾಣ್ಯಗಳಲ್ಲಿ ರಾಣಿಯ ಕತ್ತಿನ ಅಂಚಿನಲ್ಲಿ ‘ಡಬ್ಲ್ಯು ಡಬ್ಲ್ಯು’ ಎಂಬ ಅವರ ಎರಡು ಅಕ್ಷರಗಳೂ ಇವೆ. ಅವರೇ ಮಾಡಿದ ಒಂದು ಪದಕದ ಮುಖವನ್ನು ಆಧರಿಸಿ ಅದೇ 1840ರಲ್ಲಿ ಜಗತ್ತಿನ ಮೊದಲ ಅಂಚೆ ಚೀಟಿ ಬಂತು. ಬೆಳ್ಳಿಯ ಮುಖ ಉಳಿಯಿತು. ಆ ಚೀಟಿ ಅಂಟಿಸಿಕೊಂಡು ಹೋದ ಕಾಗದಗಳಲ್ಲಿ ಎಷ್ಟು ಉಳಿದವೋ!

ಎರಡೂ ಉಳಿದರೆ ಏನು ಲಾಭ ಎಂಬುದಕ್ಕೆ ಅದೇ ಕಾಲದ ಇನ್ನೊಬ್ಬ ಶಿಲ್ಪಿ ಥಾಮಸ್ ವುಲ್ನರ್ ಸಾಕ್ಷಿ. ಅವರು ಹೆಸರಾದದ್ದು ಮೆಡಾಲಿಯನ್‌ಗಳಿಂದ. ನಾಣ್ಯದ ಮೇಲಿನ ಮುಖವನ್ನೇ ತಟ್ಟೆಯಷ್ಟು ದೊಡ್ಡದು ಮಾಡಿದರೆ ಹೇಗೋ ಹಾಗಿರುತ್ತವೆ ಅವು. ಕವಿ ಟೆನಿಸನ್, ಲೇಖಕ ಕಾರ್ಲೈಲ್, ಆಸ್ಟ್ರೇಲಿಯಾದ ವಿಕ್ಟೋರಿಯಾ ವಸಾಹತಿನ ಲೆಫ್ಟಿನೆಂಟ್ ಗವರ್ನರ್ ಲಾ ಟ್ರೋಬ್, ಎಲ್ಲರೂ ಗಂಭೀರವಾಗಿ ಪಕ್ಕಕ್ಕೆ ನೋಡುತ್ತಿದ್ದಾರೆ. ಇವು ಇಂದು ಲಂಡನ್ನಿನ, ಆಸ್ಟ್ರೇಲಿಯಾದ ಸಂಗ್ರಹಾಲಯಗಳಲ್ಲಿವೆ. ಆದರೆ ಇಂಗ್ಲೆಂಡಿನ ಶಿಲ್ಪಿ ಆಸ್ಟ್ರೇಲಿಯಾಕ್ಕೆ ಏಕೆ ಹೋದರು ಎಂಬುದನ್ನು ಮೆಡಾಲಿಯನ್ ಹೇಳುವುದಿಲ್ಲ. ಕೆಲಸ ಸಿಗದೆ, 1852ರಲ್ಲಿ, ಚಿನ್ನ ಅಗೆಯಲು ಹಡಗು ಹತ್ತಿದವರು ಅವರು! ಚಿನ್ನ ಕೈಹಿಡಿಯಲಿಲ್ಲ. ಹೊಟ್ಟೆಪಾಡಿಗೆ ಮೆಲ್ಬರ್ನ್, ಸಿಡ್ನಿಗಳಲ್ಲಿ ಉಳ್ಳವರ ಮುಖ ಮಾಡಿಕೊಟ್ಟು 1854ರಲ್ಲಿ ವಾಪಸಾದರು. ಅವರ ಕಾಗದಗಳನ್ನೂ ದಿನಚರಿಯನ್ನೂ ಮಗಳು ಏಮಿ ಜೋಡಿಸಿ 1917ರಲ್ಲಿ ಪುಸ್ತಕ ಮಾಡಿಸಿದರು. ಆಗ ಅವರು ತೀರಿಕೊಂಡು 25 ವರ್ಷ ಕಳೆದಿತ್ತು.

ನಾವು ಕಾಮರ್ಸ್‌ನವರು. ವೋಚರ್ ಇಲ್ಲದ ಲೆಕ್ಕವನ್ನು ನಂಬಬಾರದೆಂದು ಮೊದಲ ತಿಂಗಳಲ್ಲೇ ಕಲಿತಿದ್ದೇವೆ. ಮೆಡಾಲಿಯನ್ ಬ್ಯಾಲೆನ್ಸ್ ಶೀಟ್ ಇದ್ದ ಹಾಗೆ, ಕೊನೆಯ ಮೊತ್ತ ಮಾತ್ರ ಕಾಣುತ್ತದೆ. ಕಾಗದಗಳೇ ವೋಚರ್.

ನಮ್ಮ ಮನೆಗಳಲ್ಲೂ ಗೋಡೆಯ ಮೇಲೆ ಫೋಟೋ ಇದೆ, ಮೂಲೆಯಲ್ಲಿ ತಂತಿಗೆ ಪೋಣಿಸಿದ ಕಾಗದಗಳಿವೆ. ಫೋಟೋಕ್ಕೆ ಫ್ರೇಮು, ಕಾಗದಕ್ಕೆ ಗುಜರಿ. ನಮ್ಮ ದಾದಾ ಫೋಟೋದಲ್ಲಿ ಕರಿ ಕೋಟು ಹಾಕಿಕೊಂಡು ಸಾಹುಕಾರರ ಹಾಗೆ ಕೂತಿದ್ದಾರೆ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೂಲಿಗಿದ್ದಾಗ ದಾದಿಗೆ ಬರೆದ ಉರ್ದು ಕಾಗದದಲ್ಲಿ ನಿಜ ಇದೆ: ಕೋಟು ಸ್ಟುಡಿಯೋದವರದು. ಅದೇ ಕಾಗದದಲ್ಲಿ ಮನಿಯಾರ್ಡರ್ ಎಷ್ಟು, ಜೋಳದ ಸಾಲ ಎಷ್ಟು ತೀರಿತು ಎಂಬ ಲೆಕ್ಕವೂ ಇದೆ. ನನಗೆ ಕೋಟಿಗಿಂತ ಆ ಲೆಕ್ಕವೇ ದೊಡ್ಡದು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ಉರ್ದು ಮಾತಾಡುವ ಎಷ್ಟೋ ಗೆಳೆಯರಿಗೆ ಉರ್ದು ಓದಲು ಬರುವುದಿಲ್ಲ. ಅಕ್ಷರ ಗೊತ್ತಿದ್ದರೂ ಗೀಚಿದ ಕೈಬರಹ ಬಿಡಿಸುವುದು ಹಿರಿಯರಿಗೇ ಸಾಧ್ಯ. ಆ ಹಿರಿಯರು ಇರುವಾಗಲೇ ಓದಿಸಿಕೊಳ್ಳಬೇಕು.

ಆದ್ದರಿಂದ ಕಾಲೇಜಿಗೆ ನನ್ನ ಮನವಿ: ಗ್ರಂಥಾಲಯದಲ್ಲಿ ಒಂದು ಕಪಾಟು ಕೊಡಿ. ಕಾಗದ, ಖಾತೆ ಪುಸ್ತಕ, ಮನಿಯಾರ್ಡರ್ ರಸೀದಿ, ಉರ್ದುವೋ ಕನ್ನಡವೋ, ಯಾರ ಮನೆಯದಾದರೂ ಸರಿ, ಮೊಬೈಲಿನಲ್ಲಿ ಫೋಟೋ ತೆಗೆದು ಪ್ರತಿ ಇಡೋಣ. ಮೂಲ ಮನೆಯವರ ಹತ್ತಿರವೇ ಇರಲಿ. ಮನೆಯ ಗುಟ್ಟು ಬೀದಿಗೆ ಬರುತ್ತದೆ ಎಂದು ಅಮ್ಮಂದಿರು ಹೆದರುತ್ತಾರೆ, ಅದು ನ್ಯಾಯವೇ. ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂದು ಅವರೇ ತೀರ್ಮಾನಿಸಲಿ. ಓದಿ ಕನ್ನಡದಲ್ಲಿ ಸಾರಾಂಶ ಬರೆಯಲು ಉರ್ದು ಮತ್ತು ಇತಿಹಾಸದ ಉಪನ್ಯಾಸಕರು ವಾರಕ್ಕೊಂದು ತಾಸು ಕೊಟ್ಟರೆ ಸಾಕು.

ನಮ್ಮ ಮನೆಯ ತಂತಿ ಬಿಚ್ಚಲು ದಾದಿ ಒಪ್ಪಿದ್ದಾರೆ. ಎರಡು ಕಾಗದ ಮಾತ್ರ ಕೊಡುವುದಿಲ್ಲವಂತೆ.